ಕಾರಿನ ಮೈಮೇಲಿನ 40 ಮೈಕ್ರಾನ್: ಪಾಲಿಶ್, ವ್ಯಾಕ್ಸ್, ಕೋಟಿಂಗ್ ಯಾವುದು ಎಷ್ಟು ಬೇಕು?

ಹೊಸ ಕಾರು ಬುಕ್ ಮಾಡಿದವರಿಗೆಲ್ಲ ಈ ಅನುಭವ ಆಗಿರುತ್ತೆ. ಲೋನ್ ಪೇಪರಿಗೆ ಸೈನ್ ಹಾಕಿ ಮುಗಿದಿರುತ್ತೆ, ಮನೆಯಲ್ಲಿ ಪೂಜೆಗೆ ದಿನ ನೋಡಿಯೂ ಆಗಿರುತ್ತೆ. ಅಷ್ಟರಲ್ಲಿ ಶೋರೂಮಿನಿಂದ ಒಂದು ಫೋನು. "ಸರ್, ಸೆರಾಮಿಕ್ ಕೋಟಿಂಗ್ ಹಾಕಿಸಿಬಿಡೋಣ್ವಾ? ಡೆಲಿವರಿ ದಿನಾನೇ ರೆಡಿ ಮಾಡಿ ಕೊಡ್ತೀವಿ. ಐದು ವರ್ಷ ಒಂದು ಗೀರೂ ಬೀಳಲ್ಲ." ರೇಟು ಇಪ್ಪತ್ತು ಸಾವಿರದ ಆಸುಪಾಸು. ಲಕ್ಷಗಟ್ಟಲೆ ಕೊಟ್ಟವರಿಗೆ ಇನ್ನೊಂದಿಪ್ಪತ್ತು ಸಾವಿರ ದೊಡ್ಡದು ಅನ್ನಿಸಲ್ಲ. ಹೂಂ ಅಂದುಬಿಡ್ತೀವಿ.

ಆ ಇಪ್ಪತ್ತು ಸಾವಿರಕ್ಕೆ ನಮಗೆ ಸಿಗೋದೇನು? ಪಾಲಿಶ್ ಅಂದ್ರೇನು, ವ್ಯಾಕ್ಸ್ ಅಂದ್ರೇನು, ಡಿಟೇಲಿಂಗ್ ಅಂಗಡಿಯಲ್ಲಿ ಕಾರಿಗೆ ಏನು ಮಾಡ್ತಾರೆ? ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರ್. ಕರ್ನಾಟಕದಲ್ಲಿ ಇದೇನೂ ವಿಶೇಷ ಅಲ್ಲ ಬಿಡಿ. ಆದರೆ ಆ ಮೆಕ್ಯಾನಿಕಲ್ ಹುಚ್ಚು ಪೂರ್ತಿ ಬಿಟ್ಟಿಲ್ಲ. ವಾರಾಂತ್ಯದಲ್ಲಿ ನನ್ನ ಕಾರಿಗೆ ನಾನೇ ಪಾಲಿಶ್ ಹಾಕ್ತೀನಿ, ಪರಿಚಯದ ಡಿಟೇಲಿಂಗ್ ಅಂಗಡಿಯೊಂದರಲ್ಲಿ ನಿಂತು ಕೆಲಸ ನೋಡ್ತೀನಿ. ಅಲ್ಲಿ ತಿಳಿದುಕೊಂಡಿದ್ದನ್ನು ಇಲ್ಲಿ ಹಂಚಿಕೊಳ್ತಿದ್ದೀನಿ. ಓದಿದ ಮೇಲೆ ಹಾಕಿಸೋದು ಬಿಡೋದು ನಿಮಗೆ ಬಿಟ್ಟಿದ್ದು.

ಬಣ್ಣ ಅಂದ್ರೆ ಒಂದೇ ಪದರ ಅಲ್ಲ

ಕಾರಿನ ಬಣ್ಣ ಅಂತ ನಾವು ಕರೆಯೋದು ನಿಜವಾಗಿ ನಾಲ್ಕು ಪದರಗಳ ಒಂದು ಸಣ್ಣ ಕಟ್ಟಡ. ಕೆಳಗೆ ಉಕ್ಕಿನ ತಗಡು. ಫ್ಯಾಕ್ಟರಿಯಲ್ಲಿ ಅದನ್ನು ತೊಳೆದು, ರಾಸಾಯನಿಕದಿಂದ ಹದ ಮಾಡಿ, ಬಣ್ಣದ ತೊಟ್ಟಿಯಲ್ಲಿ ಇಡೀ ಬಾಡಿಯನ್ನೇ ಮುಳುಗಿಸಿ ಕರೆಂಟ್ ಹಾಯಿಸ್ತಾರೆ. ಆಗ ಅಂಟಿಕೊಳ್ಳೋದು ಇ-ಕೋಟ್. ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಅದರ ಮೇಲೆ ಪ್ರೈಮರ್. ಅದರ ಮೇಲೆ ಬೇಸ್ ಕೋಟ್, ನೀವು ಬುಕ್ ಮಾಡುವಾಗ ಆರಿಸಿದ ಕೆಂಪು, ನೀಲಿ, ಬೂದು ಇರೋದು ಇಲ್ಲಿ. ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಪಾರದರ್ಶಕವಾದ ಕ್ಲಿಯರ್ ಕೋಟ್.

ಈ ನಾಲ್ಕೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಅಂದ್ರೆ ಇಡೀ ಬಣ್ಣದ ಕಟ್ಟಡ ಎರಡು ಕೂದಲಿನಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್. ಲೆಕ್ಕಕ್ಕೆ 40 ಅಂತ ಇಟ್ಟುಕೊಳ್ಳೋಣ.

ಹೊಳಪು ಇರೋದು ಈ 40 ಮೈಕ್ರಾನಿನಲ್ಲಿ. ಬಿಸಿಲಿನ ಯುವಿ ಕಿರಣ ತಡೆಯುವ ರಾಸಾಯನಿಕ ಇರೋದೂ ಇದರಲ್ಲೇ. ಗೀರು ಬೀಳೋದೂ, ಹಕ್ಕಿ ಹಿಕ್ಕೆಯ ಕಲೆ ಕೂರೋದೂ ಇದರ ಮೇಲೇ. ಫ್ಯಾಕ್ಟರಿಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡಿದ ಪದರ ಇದು. ಹೊರಗಿನ ಬಾಡಿ ಶಾಪಿನಲ್ಲಿ ಮರುಬಣ್ಣ ಹೊಡೆಯುವಾಗ ಸುಮಾರು 60 ಡಿಗ್ರಿಯಲ್ಲಿ ಒಣಗಿಸ್ತಾರೆ, ಯಾಕಂದ್ರೆ ಆಗ ಕಾರಿನಲ್ಲಿ ಪ್ಲಾಸ್ಟಿಕ್, ವೈರು, ಸೀಟು ಎಲ್ಲ ಇರುತ್ತೆ. ಹಾಗಾಗಿ ಫ್ಯಾಕ್ಟರಿ ಪದರ ಒಮ್ಮೆ ಹೋದ್ರೆ ಅದೇ ಪದರ ವಾಪಸ್ ಬರಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದಕ್ಕೆ ಬ್ಯಾಕಪ್ ಇಲ್ಲ.

ಡಿಟೇಲಿಂಗ್ ವಿಷಯದಲ್ಲಿ ಯಾರು ಏನೇ ಹೇಳಿದ್ರೂ ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ. ಅರ್ಧ ಮೋಸ ಅಲ್ಲೇ ಗೊತ್ತಾಗುತ್ತೆ.

ಬಾನೆಟ್ ಮೇಲಿನ ಜೇಡರ ಬಲೆ

ಸಂಜೆ ಪಾರ್ಕಿಂಗಿನಲ್ಲಿ ಫೋನಿನ ಟಾರ್ಚ್ ಹಚ್ಚಿ ಬಾನೆಟ್ ಮೇಲೆ ಹಿಡಿದು ನೋಡಿ. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ವೃತ್ತವೃತ್ತವಾಗಿ ಸಣ್ಣ ಗೀರುಗಳು ಕಾಣಿಸ್ತಾವೆ. ಇದಕ್ಕೆ ಸ್ವರ್ಲ್ ಮಾರ್ಕ್ ಅಂತಾರೆ. ಕಪ್ಪು ಕಾರಿನಲ್ಲಿ ಎದ್ದು ಕಾಣುತ್ತೆ, ಬಿಳಿ ಕಾರಿನಲ್ಲಿ ಹುಡುಕಬೇಕು. ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ.

ಇಲ್ಲೊಂದು ಮಜಾ ಇದೆ. ಆ ಗೀರುಗಳು ನಿಜವಾಗಿ ವೃತ್ತಾಕಾರದಲ್ಲಿ ಇರಲೇಬೇಕೆಂದಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ಆದರೆ ಬೆಳಕಿಗೆ ಅಡ್ಡವಾಗಿರುವ ಗೀರು ಮಾತ್ರ ನಮ್ಮ ಕಣ್ಣಿಗೆ ಬೆಳಕನ್ನು ಹೊಡೆಯುತ್ತೆ, ಉಳಿದವು ಕಾಣಲ್ಲ. ಹಾಗಾಗಿ ಟಾರ್ಚ್ ಎಲ್ಲಿ ಸರಿಸಿದ್ರೂ ಅದರ ಸುತ್ತ ಬಳೆ ಬಳೆಯಾಗಿ ಕಾಣ್ತಾವೆ.

ಇವು ಎಲ್ಲಿಂದ ಬಂದವು? ಬಹುಪಾಲು ನಾವು ಒರೆಸಿದ್ದರಿಂದ. ನಮ್ಮ ರಸ್ತೆಯ ದೂಳಿನಲ್ಲಿ ಮಣ್ಣಿನ ಜೊತೆ ಸಣ್ಣ ಮರಳು ಇರುತ್ತೆ. ಮರಳು ಅಂದ್ರೆ ಬಹುತೇಕ ಕ್ವಾರ್ಟ್ಜ್, ಗಡಸುತನದ ಮೋಹ್ಸ್ ಮಾಪಕದಲ್ಲಿ 7. ಸಾಧಾರಣ ಚಾಕುವಿನ ಉಕ್ಕಿಗಿಂತ ಗಟ್ಟಿ. ಅಂಥದ್ದು ಕಾರಿನ ಮೇಲೆ ಕೂತಿರುವಾಗ ಒಣ ಬಟ್ಟೆಯಲ್ಲಿ ಒಂದು ಸಲ ಸರಕ್ಕನೆ ಒರೆಸಿದ್ರೆ ಏನಾಗುತ್ತೆ? ಬಟ್ಟೆ ಉಪ್ಪುಕಾಗದ ಆಗುತ್ತೆ, ಅಷ್ಟೇ.

ಕಾರಿನ ಡಿಕ್ಕಿಯಲ್ಲಿ ನಾವೆಲ್ಲ ಇಟ್ಟುಕೊಂಡಿರೋ ಆ ಉದ್ದ ಹಿಡಿಕೆಯ ದೂಳೊರೆಸುವ ಬ್ರಷ್ ಕೂಡ ಇದೇ ಕೆಲಸ ಮಾಡುತ್ತೆ. ಸಿಗ್ನಲ್‌ನಲ್ಲಿ ಓಡಿ ಬಂದು ಬಾನೆಟ್ ಒರೆಸುವವರ ಬಟ್ಟೆಯೂ ಅಷ್ಟೇ. ಹಳೇ ಬನಿಯನ್ನು, ಟವೆಲ್ಲು, ನ್ಯೂಸ್‌ಪೇಪರ್ ಬಗ್ಗೆ ಹೇಳೋದೇ ಬೇಡ.

ತೊಳೆಯೋದರಲ್ಲೇ ಮುಕ್ಕಾಲು ಕೆಲಸ

ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಬಂದು ಕಾರು ಒರೆಸುವವರು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತು ಹದಿನೈದು ಕಾರು ಮುಗಿಸಬೇಕಾಗುತ್ತೆ. ತಿಂಗಳಿಗೆ ನಾವು ಕೊಡೋದು ಕೆಲವು ನೂರು ರೂಪಾಯಿ, ಅದರಲ್ಲಿ ಅವರು ಬೇರೆ ಹೇಗೆ ಮಾಡೋಕಾಗುತ್ತೆ? ಅವರನ್ನು ಬೈಯೋದರಿಂದ ಬಣ್ಣ ಉಳಿಯಲ್ಲ. ನಿಮ್ಮ ಕಾರಿಗಂತಲೇ ಎರಡು ಒಳ್ಳೆ ಮೈಕ್ರೋಫೈಬರ್ ಬಟ್ಟೆ ತಂದುಕೊಡಿ. "ಅಣ್ಣ, ದಿನಾ ಒರೆಸೋದು ಬೇಡ. ಗಾಜು ಮಾತ್ರ ಒರೆಸಿ. ವಾರಕ್ಕೊಂದು ದಿನ ಮೊದಲು ನೀರು ಹಾಕಿ ದೂಳು ಇಳಿಸಿ, ಆಮೇಲೆ ತೊಳೀರಿ" ಅಂತ ಹೇಳಿ, ಅದೇ ಸಂಬಳ ಕೊಡಿ. ಅವರಿಗೂ ಕೆಲಸ ಕಮ್ಮಿ, ನಿಮ್ಮ ಬಣ್ಣಕ್ಕೂ ಆಯಸ್ಸು ಜಾಸ್ತಿ.

ನೀವೇ ತೊಳೆಯೋದಾದ್ರೆ ಕ್ರಮ ಹೀಗೆ:

• ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾಗಲಿ. ಬಿಸಿ ತಗಡಿನ ಮೇಲೆ ಶಾಂಪೂ ಒಣಗಿದ್ರೆ ಅದೇ ಒಂದು ಕಲೆ.

• ಮೊದಲು ಬರೀ ನೀರಿನಿಂದ ದೂಳು, ಕೆಸರು ಇಳಿಸಿ. ಕೈ ಹಚ್ಚುವ ಮುಂಚೆ ಎಷ್ಟು ಮಣ್ಣು ಇಳಿಯುತ್ತೋ ಅಷ್ಟು ಗೀರು ಕಮ್ಮಿ.

• ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಭಾಗ ತೊಳೆದ ಮೇಲೆ ಕೈಗವಸನ್ನು ಬರೀ ನೀರಲ್ಲಿ ಜಾಲಾಡಿ, ಆಮೇಲೆ ಶಾಂಪೂಗೆ ಅದ್ದಿ.

• ಮೇಲಿನಿಂದ ಕೆಳಕ್ಕೆ ಬನ್ನಿ. ಬಾಗಿಲ ಕೆಳಭಾಗ, ಚಕ್ರ ಕೊನೆಗೆ. ಚಕ್ರಕ್ಕೆ ಬಳಸಿದ ಬಟ್ಟೆ ಮತ್ತೆ ಬಣ್ಣಕ್ಕೆ ಬೇಡ.

• ಕಾರ್ ಶಾಂಪೂ ಬಳಸಿ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪಿನ ಪುಡಿ ಹಾಕಿದ್ರೆ ಮೇಲಿದ್ದ ವ್ಯಾಕ್ಸ್ ಕೂಡ ಎದ್ದು ಹೋಗುತ್ತೆ.

• ದಪ್ಪ ಮೈಕ್ರೋಫೈಬರ್ ಟವೆಲ್ಲನ್ನು ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಗಾಳಿಗೇ ಒಣಗೋಕೆ ಬಿಟ್ರೆ ಬೋರ್ ನೀರಿನ ಬಿಳಿ ಚುಕ್ಕೆ ಉಳಿಯುತ್ತೆ.

ಬೆಂಗಳೂರಿನವರಿಗೆ ಇನ್ನೊಂದು ವಿಷಯ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯೋದನ್ನು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. 2025ರ ಫೆಬ್ರವರಿಯಲ್ಲೂ ಅಂಥದೇ ಆದೇಶ ಬಂತು. ಪೈಪ್ ಬಿಟ್ಟು ತೊಳೆದ್ರೆ ನಿಮಿಷಕ್ಕೆ 10 ಲೀಟರಿಗೂ ಮೀರಿ ಹರಿದು ಹೋಗುತ್ತೆ. ಇದಕ್ಕೆ ಪರಿಹಾರ ರಿನ್ಸ್‌ಲೆಸ್ ವಾಷ್. ಒಂದು ಬಕೆಟ್ ನೀರಿಗೆ ಆ ದ್ರಾವಣ ಸ್ವಲ್ಪ ಹಾಕಿ, ನೆನೆಸಿದ ಬಟ್ಟೆಯಲ್ಲಿ ಒಂದೊಂದೇ ಭಾಗ ಒರೆಸಿ, ತಕ್ಷಣ ಒಣಗಿಸೋದು. ಮತ್ತೆ ನೀರು ಹಾಯಿಸಬೇಕಿಲ್ಲ. ಅದರಲ್ಲಿರುವ ಪಾಲಿಮರ್ ದೂಳಿನ ಕಣವನ್ನು ಸುತ್ತಿಕೊಂಡು ಜಾರಿಸುತ್ತೆ. ಬರೀ ದೂಳು ಕೂತ ಕಾರಿಗೆ ಇದು ಚೆನ್ನಾಗಿದೆ. ಮಳೆಗಾಲದಲ್ಲಿ ಊರಿಗೆ ಹೋಗಿ ಕೆಸರು ಮೆತ್ತಿಕೊಂಡು ಬಂದ ಕಾರಿಗೆ ಮಾತ್ರ ಬೇಡ, ಅದಕ್ಕೆ ನೀರೇ ಬೇಕು.

ಡಿಟೇಲಿಂಗ್ ಅಂಗಡಿಯಲ್ಲಿ ನಡೆಯೋದೇನು?

ತೊಳೆದ ಕಾರಿನ ಮೇಲೆ ಕೈ ಆಡಿಸಿ ನೋಡಿ. ಹೊಳೆಯುತ್ತಿದ್ರೂ ತರಿತರಿ ಅನ್ನಿಸುತ್ತೆ. ಬ್ರೇಕ್ ಪ್ಯಾಡಿನಿಂದ ಸಿಡಿದ ಕಬ್ಬಿಣದ ಕಣ, ಟಾರಿನ ಚುಕ್ಕೆ, ಮರದ ಸೊನೆ, ಪಕ್ಕದಲ್ಲಿ ಗೇಟಿಗೆ ಹೊಡೆದ ಸ್ಪ್ರೇ ಪೇಂಟು ಎಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತೆ. ಒಳ್ಳೆ ಅಂಗಡಿಯಲ್ಲಿ ಮೊದಲು ಐರನ್ ರಿಮೂವರ್ ಹೊಡೀತಾರೆ. ಕಬ್ಬಿಣದ ಕಣ ಇದ್ದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಕಣ್ಣೀರಿನ ಹಾಗೆ ಇಳಿಯುತ್ತೆ. ಕೊಳೆತ ಮೊಟ್ಟೆಯ ವಾಸನೆ ಬೇರೆ. ಆಮೇಲೆ ಕ್ಲೇ ಬಾರ್, ಅಂದ್ರೆ ಮಕ್ಕಳು ಆಡೋ ಜೇಡಿಮಣ್ಣಿನಂಥ ಮುದ್ದೆ. ಜಾರಿಕೆಯ ದ್ರವ ಸಿಂಪಡಿಸಿ ಅದನ್ನು ಮೆಲ್ಲಗೆ ಆಡಿಸಿದ್ರೆ ಕಚ್ಚಿಕೊಂಡ ಕೊಳೆಯನ್ನೆಲ್ಲ ಎಳೆದುಕೊಳ್ಳುತ್ತೆ. ಅದು ಕೆಳಗೆ ಬಿದ್ರೆ ಮಾತ್ರ ಎಸೆಯಲೇಬೇಕು. ನೆಲದ ಮರಳು ಅಂಟಿದ ಕ್ಲೇಯಿಂದ ಉಜ್ಜಿದ್ರೆ ಕಥೆ ಮುಗೀತು.

ಮುಂದಿನ ಹಂತ ಅಳತೆ. ಪೇಂಟ್ ಥಿಕ್‌ನೆಸ್ ಗೇಜ್ ಅಂತ ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ತಗಡಿಗೆ ತಾಗಿಸಿದ್ರೆ ಮೇಲಿನ ಬಣ್ಣ ಒಟ್ಟು ಎಷ್ಟು ಮೈಕ್ರಾನ್ ಅಂತ ತೋರಿಸುತ್ತೆ. ಉಕ್ಕಿನ ಮೇಲೆ, ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುತ್ತೆ. ಪ್ಲಾಸ್ಟಿಕ್ ಬಂಪರಿಗೆ ಈ ಮಾಮೂಲಿ ಗೇಜ್ ಆಗಲ್ಲ. ಎಲ್ಲ ಕಡೆ 110 ಇದ್ದು ಒಂದು ಬಾಗಿಲಲ್ಲಿ ಮಾತ್ರ 250 ಬಂದ್ರೆ ಆ ಬಾಗಿಲಿಗೆ ಮರುಬಣ್ಣ ಆಗಿದೆ ಅಂತ ಅರ್ಥ. ಸಾವಿರ ದಾಟಿದ್ರೆ ಒಳಗೆ ಪುಟ್ಟಿ ಇದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರಿಗೆ ಇದು ಜಾತಕ ಇದ್ದ ಹಾಗೆ.

ಆಮೇಲೆ ಮೆಷೀನು. ಇದರಲ್ಲಿ ಎರಡು ಜಾತಿ. ರೋಟರಿ ಒಂದೇ ಅಕ್ಷದಲ್ಲಿ ಗರಗರ ತಿರುಗುತ್ತೆ. ವೇಗವಾಗಿ ಕತ್ತರಿಸುತ್ತೆ, ಬಿಸಿಯೂ ಬೇಗ ಏರುತ್ತೆ. ಕೈ ಪಳಗದಿದ್ರೆ ಮಡಿಕೆ, ಅಂಚುಗಳಲ್ಲಿ ಬಣ್ಣ ಸುಟ್ಟು ಹೋಗುತ್ತೆ. ಇನ್ನೊಂದು ಡ್ಯುಯಲ್ ಆಕ್ಷನ್, ಅಂಗಡಿಯವರ ಬಾಯಲ್ಲಿ ಡಿಎ. ಇದು ತಿರುಗುತ್ತಲೇ ಅತ್ತಿತ್ತ ಓಲಾಡುತ್ತೆ. ಭೂಮಿ ತನ್ನ ಸುತ್ತ ತಿರುಗುತ್ತ ಸೂರ್ಯನನ್ನೂ ಸುತ್ತುವ ಹಾಗೆ. ನಿಧಾನ, ಆದರೆ ಸುರಕ್ಷಿತ. ಮನೆಯಲ್ಲಿ ಮಾಡುವವರಿಗೆ ಡಿಎ ಸಾಕು.

ಪಾಲಿಶ್ ಅಂದ್ರೆ ಎಣ್ಣೆ ಹಚ್ಚಿ ಹೊಳಪು ತರೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ. ಪಾಲಿಶ್ ಅಂದ್ರೆ ಕೆರೆಯೋದು. ಗೀರು ಒಂದು ಕಣಿವೆ ಇದ್ದ ಹಾಗೆ. ಕಣಿವೆಯನ್ನು ಯಾರೂ ತುಂಬಿಸಲ್ಲ, ಸುತ್ತಲಿನ ಗುಡ್ಡವನ್ನು ಕಣಿವೆಯ ಮಟ್ಟಕ್ಕೆ ಇಳಿಸ್ತಾರೆ. ಒರಟು ಕಣದ ಕಾಂಪೌಂಡಿನಿಂದ ಮೊದಲು ಇಳಿಸಿ, ನಯವಾದ ಪಾಲಿಶ್‌ನಿಂದ ಹೊಳಪು ತರ್ತಾರೆ. ಆಳದ ಗೀರಿಗೆ ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡ್ರೆ ಅದು ಪಾಲಿಶ್‌ಗೆ ಹೋಗಲ್ಲ. ಹೋಗಿಸ್ತೀನಿ ಅಂದವರನ್ನು ನಂಬಬೇಡಿ.

ನಾನು ಹೋಗೋ ಅಂಗಡಿಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಇದ್ದಾನೆ. ಯಾವ ಕಾರು ಬಂದ್ರೂ ನೇರ ಮೆಷೀನ್ ಹಚ್ಚಲ್ಲ. ಬಾನೆಟ್‌ನಲ್ಲಿ ಒಂದೂವರೆ ಅಡಿ ಚೌಕ ಟೇಪ್ ಹಚ್ಚಿ ಅಷ್ಟರಲ್ಲೇ ಮೊದಲು ಪರೀಕ್ಷೆ ಮಾಡ್ತಾನೆ. ಕಮ್ಮಿ ಕೆರೆಯುವ ಪಾಲಿಶ್‌ನಿಂದ ಶುರು. ಸಾಕಾಗದಿದ್ರೆ ಮಾತ್ರ ಒರಟಿಗೆ ಹೋಗೋದು. ಮಾಲೀಕರು ಅವಸರ ಮಾಡಿದ್ರೆ "ತಡೀರಿ ಸರ, ತಗಡು ಬಿಸಿ ಆಗೈತಿ, ಈಗ ಒತ್ತಿದ್ರ ಬಣ್ಣ ಹೊಕ್ಕೈತಿ" ಅಂತಾನೆ. ನಾವು ಪ್ರೊಡಕ್ಷನ್‌ಗೆ ಹಾಕುವ ಮುಂಚೆ ಟೆಸ್ಟ್ ಮಾಡೋದು ಬೇರೆ ಏನೂ ಅಲ್ಲ, ಇದೇ.

ಕೊನೆಗೆ ಅವನು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಒರೆಸ್ತಾನೆ. ಇದು ಬಹಳ ಮುಖ್ಯ. ಕೆಲವು ಕಡೆ ಗೀರು ತೆಗೆಯೋದೇ ಇಲ್ಲ, ಎಣ್ಣೆ ಅಂಶದ ಗ್ಲೇಜ್ ತುಂಬಿಸಿ ಮುಚ್ಚಿಡ್ತಾರೆ. ಅಂಗಡಿಯಲ್ಲಿ ಕನ್ನಡಿ ಹಾಗೆ ಕಾಣುತ್ತೆ, ನಾಲ್ಕು ಸಲ ತೊಳೆದಾಗ ಜೇಡರ ಬಲೆ ವಾಪಸ್. ಆಲ್ಕೋಹಾಲಿನಿಂದ ಒರೆಸಿದ್ರೆ ಗ್ಲೇಜ್ ಕಳಚಿ ನಿಜ ಬಣ್ಣ ಕಾಣುತ್ತೆ.

40 ಮೈಕ್ರಾನಿನ ಬಜೆಟ್

ಈಗ ಲೆಕ್ಕಕ್ಕೆ ಬರೋಣ. ನಯವಾದ ಪಾಲಿಶ್ ಒಂದು ಮೈಕ್ರಾನಿನ ಆಸುಪಾಸು ತೆಗೆಯಬಹುದು. ಕಾಂಪೌಂಡ್ ಹಾಕಿ ಚೆನ್ನಾಗಿ ಕೆರೆದ್ರೆ 3-4 ಮೈಕ್ರಾನ್ ಹೋಗಬಹುದು. ಕ್ಲಿಯರ್ ಕೋಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಅನ್ನೋದು ಅನುಭವಿಗಳ ಲೆಕ್ಕ. ತೆಳ್ಳಗಾದಷ್ಟೂ ಬಿಸಿಲು ತಡೆಯುವ ಶಕ್ತಿ ಕಮ್ಮಿ. 40ರಲ್ಲಿ ಕಾಲು ಭಾಗ ಅಂದ್ರೆ 10. ಅಂದ್ರೆ ಕಾರಿನ ಇಡೀ ಆಯಸ್ಸಿಗೆ ಜೋರು ಪಾಲಿಶ್ ಮೂರೇ ಸಲ.

ದಾವಣಗೆರೆಯಲ್ಲಿರುವ ನನ್ನ ಸೋದರಮಾವನ ಕಾರಿನ ಕಥೆ ಕೇಳಿ. ಪ್ರತಿ ಸರ್ವೀಸಿಗೂ ಒಂದು ಕಡೆ "ರಬ್ಬಿಂಗ್ ಪಾಲಿಶ್ ಫ್ರೀ" ಅಂತ ಮಾಡಿಕೊಡ್ತಿದ್ರು. ವರ್ಷಕ್ಕೆ ಎರಡು ಸಲ. ಮಾವನಿಗೆ ಖುಷಿಯೋ ಖುಷಿ, ಕಾರು ಯಾವಾಗಲೂ ಫಳಫಳ. ಮನೆ ಮುಂದೆ ಶೆಡ್ ಇಲ್ಲ, ದಿನವಿಡೀ ಬಿಸಿಲು. ಏಳನೇ ವರ್ಷಕ್ಕೆ ರೂಫಿನಲ್ಲಿ ಬಿಳಿಚಿದ ತೇಪೆ ಕಾಣಿಸಿತು. ಎಂಟನೇ ವರ್ಷ ಬಾನೆಟ್ ಮೇಲೆ ಈರುಳ್ಳಿ ಸಿಪ್ಪೆ ಥರ ಕ್ಲಿಯರ್ ಕೋಟ್ ಎದ್ದು ಬಂತು. ಗೇಜ್ ಹಿಡಿದು ನೋಡಿದಾಗ ಬಾಗಿಲ ಒಳಗಿನ ಚೌಕಟ್ಟಿನಲ್ಲಿ 105 ಇದ್ದದ್ದು ಬಾನೆಟ್‌ನ ಮಡಿಕೆಯಲ್ಲಿ 70. ಆ ಹಂತಕ್ಕೆ ಹೋದ ಮೇಲೆ ಯಾವ ಪಾಲಿಶ್, ಯಾವ ವ್ಯಾಕ್ಸ್, ಯಾವ ಕೋಟಿಂಗೂ ಕೆಲಸಕ್ಕೆ ಬರಲ್ಲ. ಮರುಬಣ್ಣ ಒಂದೇ ದಾರಿ. ಮಾರೋಕೆ ಹೋದಾಗ ಇಂಜಿನ್ ಚೆನ್ನಾಗಿದ್ರೂ ಕೊಳ್ಳುವವರು ಬಾನೆಟ್ ತೋರಿಸಿ ರೇಟು ಇಳಿಸಿದ್ರು. ಫ್ರೀ ಅಂತ ಕೊಟ್ಟ ಹೊಳಪಿಗೆ ಮಾವ ಬಣ್ಣದಲ್ಲೇ ಬೆಲೆ ಕಟ್ಟಿದ್ರು.

ಹಾಗಾಗಿ ಸರ್ವೀಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲೇ ಬರೆಸಿ: ಪಾಲಿಶ್ ಬೇಡ, ಕೇಳದೆ ಮೆಷೀನ್ ಹಚ್ಚಬೇಡಿ. ತೊಳೆಯೋದೂ ಬೇಡ ಅಂದ್ರೂ ತಪ್ಪಿಲ್ಲ.

ವ್ಯಾಕ್ಸ್: ಬ್ರೆಜಿಲಿನ ತಾಳೆ ಎಲೆ

ಪಾಲಿಶ್ ತೆಗೆಯುತ್ತೆ, ವ್ಯಾಕ್ಸ್ ಕಾಯುತ್ತೆ. ಇಷ್ಟು ವ್ಯತ್ಯಾಸ ನೆನಪಿದ್ರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಗೊಂದಲ ಮಾಡೋಕಾಗಲ್ಲ.

ಕಾರಿನ ವ್ಯಾಕ್ಸ್‌ನಲ್ಲಿ ಹೆಸರುವಾಸಿ ಕಾರ್ನೌಬಾ. ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆ ಮೇಲೆ ಕೂತಿರುವ ಮೇಣ ಇದು. ಒಣ ಹವೆಯಲ್ಲಿ ಎಲೆಯ ನೀರು ಆರದ ಹಾಗೆ ಮರ ತನಗೆ ತಾನೇ ಹೊದ್ದುಕೊಂಡ ಹೊದಿಕೆ. ಎಲೆ ಕತ್ತರಿಸಿ ಒಣಗಿಸಿ ಬಡಿದು ಉದುರಿಸ್ತಾರೆ. ಪ್ರಕೃತಿಯಲ್ಲಿ ಸಿಗುವ ಮೇಣಗಳಲ್ಲಿ ಅತಿ ಗಟ್ಟಿಯಾದವುಗಳಲ್ಲಿ ಇದೂ ಒಂದು, ಕರಗಲು 82ರಿಂದ 86 ಡಿಗ್ರಿ ಬೇಕು. ಚಾಕೊಲೇಟ್ ಮಿಠಾಯಿ, ಮಾತ್ರೆಗಳ ಮೇಲಿನ ಹೊಳಪಿಗೂ ಇದನ್ನೇ ಬಳಸ್ತಾರೆ.

ಹಚ್ಚೋದು ಸುಲಭ. ತೊಳೆದು ಒಣಗಿಸಿದ ಕಾರಿಗೆ, ನೆರಳಿನಲ್ಲಿ, ಸ್ಪಂಜಿನಿಂದ ತೆಳ್ಳಗೆ. ದೋಸೆ ಕಾವಲಿಗೆ ಎಣ್ಣೆ ಸವರುವ ಹಾಗೆ, ಅದಕ್ಕಿಂತ ಜಾಸ್ತಿ ಬೇಡ. ಕೆಲ ನಿಮಿಷ ಬಿಟ್ಟು ಬೆರಳಿನಿಂದ ಒಂದು ಗೆರೆ ಎಳೆದಾಗ ಮಸುಕು ಸ್ವಚ್ಛವಾಗಿ ಹೋದ್ರೆ ಒಣಗಿದೆ ಅಂತ, ಆಗ ಮೈಕ್ರೋಫೈಬರ್‌ನಲ್ಲಿ ಒರೆಸಿ. ಒಂದು ಗಂಟೆ ಕೆಲಸ. ನಮ್ಮ ಬಿಸಿಲು, ಮಳೆಗೆ ಒಂದರಿಂದ ಎರಡು ತಿಂಗಳು ಬಾಳುತ್ತೆ. ಅದೇ ಕೆಲಸ ಮಾಡುವ ಸಿಂಥೆಟಿಕ್ ಸೀಲಂಟ್ ನಾಲ್ಕೈದು ತಿಂಗಳು ತಡೆಯುತ್ತೆ, ಹಚ್ಚೋದೂ ಅಷ್ಟೇ ಸುಲಭ. ಆಫೀಸು ಮನೆ ಅಂತ ಓಡಾಡುವವರಿಗೆ ನನ್ನ ಓಟು ಸೀಲಂಟಿಗೆ. ವರ್ಷಕ್ಕೆ ಮೂರು ಸಲ ಸಾಕು.

ಅಪಘಾತ ಆಗಿ ಮರುಬಣ್ಣ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ವ್ಯಾಕ್ಸ್, ಸೀಲಂಟ್, ಕೋಟಿಂಗ್ ಯಾವುದೂ ಬೇಡ. ಹೊಸ ಬಣ್ಣದೊಳಗಿನ ಥಿನ್ನರ್ ಹೊರಗೆ ಹೋಗಲು ಸಮಯ ಬೇಕು.

ಸೆರಾಮಿಕ್, ಟೆಫ್ಲಾನ್, ಪಿಪಿಎಫ್: ಯಾವುದು ಏನು?

ಟೆಫ್ಲಾನ್ ಕೋಟಿಂಗ್ ಅನ್ನೋ ಹೆಸರು ಕೇಳಿ ಬೆಳೆದವರು ನಾವು. ದೋಸೆ ತವಾಗೆ ಅದೇ ವಸ್ತು ಅಂಟಿಸುವಾಗ 300 ಡಿಗ್ರಿಗೂ ಮೀರಿ ಬಿಸಿ ಮಾಡ್ತಾರೆ. ಕಾರಿಗೆ ಅಷ್ಟು ಬಿಸಿ ಮಾಡಿದ್ರೆ ಕಾರೇ ಉಳಿಯಲ್ಲ. ಹಾಗಾಗಿ ಕಾರಿಗೆ ಆ ಹೆಸರಿನಲ್ಲಿ ಹಚ್ಚೋದು ಸೀಲಂಟ್ ಜಾತಿಯ ಪಾಲಿಶ್ ಅಂತಲೇ ತಿಳಿದುಕೊಳ್ಳಿ.

ಸೆರಾಮಿಕ್ ಕೋಟಿಂಗ್ ಹಾಗಲ್ಲ, ಅದರಲ್ಲಿ ಹುರುಳಿದೆ. ಸಿಲಿಕಾ ಆಧಾರದ ದ್ರವ ಬಣ್ಣಕ್ಕೆ ಗಟ್ಟಿಯಾಗಿ ಅಂಟಿ ತೆಳುವಾದ ಗಾಜಿನಂಥ ಪದರ ಆಗುತ್ತೆ. ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತೆ, ಕೊಳೆ ಸುಲಭವಾಗಿ ಬಿಡುತ್ತೆ, ಹಕ್ಕಿ ಹಿಕ್ಕೆ, ಸೊನೆಯಿಂದ ತೊಳೆಯುವವರೆಗೆ ಸ್ವಲ್ಪ ಕಾಲಾವಕಾಶ ಸಿಗುತ್ತೆ. ಒಳ್ಳೆ ಕೋಟಿಂಗ್ ಸರಿಯಾಗಿ ಹಾಕಿದ್ರೆ ಎರಡು ಮೂರು ವರ್ಷ ಬರುತ್ತೆ.

ಆದರೆ "ಗೀರು ಬೀಳಲ್ಲ" ಅನ್ನೋದು? ಇದರ ದಪ್ಪ ಒಂದೆರಡು ಮೈಕ್ರಾನ್ ಅಷ್ಟೇ. ಅವರು ತೋರಿಸುವ 9ಎಚ್ ಅನ್ನೋದು ವಜ್ರವನ್ನು ಹತ್ತಕ್ಕೆ ಇಟ್ಟ ಮೋಹ್ಸ್ ಮಾಪಕ ಅಲ್ಲ, ಪೆನ್ಸಿಲ್ ಪರೀಕ್ಷೆ. 9ಎಚ್ ಪೆನ್ಸಿಲ್ ಎಳೆದಾಗ ಗುರುತು ಬೀಳಲಿಲ್ಲ ಅಂತ ಅರ್ಥ. ಶಾಲೆಯಲ್ಲಿ ಎಚ್‌ಬಿ ಪೆನ್ಸಿಲ್ ಹಿಡಿದವರಿಗೆ ಗೊತ್ತಿರುತ್ತೆ. ರಸ್ತೆಯ ಮರಳು ಪೆನ್ಸಿಲ್ ಅಲ್ಲ. ಕೋಟಿಂಗ್ ಇದ್ರೂ ಒಣ ಬಟ್ಟೆಯಲ್ಲಿ ಒರೆಸಿದ್ರೆ ಜೇಡರ ಬಲೆ ಬಂದೇ ಬರುತ್ತೆ.

ಇನ್ನೊಂದು ಮಾತು. ಕೋಟಿಂಗ್ ಹಾಕುವ ಮುಂಚೆ ಬಣ್ಣ ತಿದ್ದಬೇಕು. ಇರುವ ಗೀರುಗಳ ಮೇಲೇ ಬಳಿದ್ರೆ ಅವಕ್ಕೆ ಲ್ಯಾಮಿನೇಷನ್ ಮಾಡಿಸಿದ ಹಾಗೆ. ತಿದ್ದಿ, ಹಚ್ಚಿ, ಒಣಗಿಸೋಕೆ ಎರಡು ಮೂರು ದಿನ ಬೇಕು. ಅರ್ಧ ದಿನದಲ್ಲಿ ಮುಗಿಸಿ ಕೊಡ್ತೀವಿ ಅಂದ್ರೆ ಏನು ಬಿಟ್ಟಿದ್ದಾರೆ ಅಂತ ಕೇಳಿ.

ಕಲ್ಲು ಸಿಡಿತ, ಗೀರಿನಿಂದ ನಿಜವಾಗಿ ಕಾಯೋದು ಪಿಪಿಎಫ್. ಫೋನಿನ ಸ್ಕ್ರೀನ್ ಗಾರ್ಡ್ ಇದ್ದ ಹಾಗೆ. 150ರಿಂದ 200 ಮೈಕ್ರಾನ್ ದಪ್ಪದ ಟಿಪಿಯು ಪ್ಲಾಸ್ಟಿಕ್ ಹಾಳೆ, ಅಂದ್ರೆ ಇಡೀ ಬಣ್ಣಕ್ಕಿಂತ ದಪ್ಪ. ಸಣ್ಣ ಗೀರು ಬಿಸಿಲಿಗೆ ತಾನೇ ಮಾಯ ಆಗುತ್ತೆ. ಬೆಲೆ ಮಾತ್ರ ಬೇರೆಯೇ ಲೋಕ. ಬೆಂಗಳೂರಿನಲ್ಲಿ ನಾನು ವಿಚಾರಿಸಿದಾಗ ಸಣ್ಣ ಕಾರಿನ ಸೆರಾಮಿಕ್‌ಗೆ 15ರಿಂದ 25 ಸಾವಿರ ಹೇಳಿದ ಕಡೆಗಳಲ್ಲೇ ಇಡೀ ಕಾರಿನ ಪಿಪಿಎಫ್‌ಗೆ ಲಕ್ಷದ ಆಸುಪಾಸು ಹೇಳಿದ್ರು. ಅಷ್ಟು ಬೇಡ ಅಂದ್ರೆ ಮುಂದಿನ ಬಂಪರ್, ಬಾಗಿಲ ಅಂಚು, ಹಿಡಿಕೆಯ ಗುಳಿಗೆ ಮಾತ್ರ ಹಾಕಿಸಬಹುದು. ಪಿವಿಸಿ ಹಾಳೆಯನ್ನು ಟಿಪಿಯು ಅಂತ ಕೊಡುವವರೂ ಇದ್ದಾರೆ. ಅದು ಬೇಗ ಹಳದಿಯಾಗುತ್ತೆ. ಬಿಲ್ಲಿನಲ್ಲಿ ಯಾವುದು ಅಂತ ಬರೆಸಿಕೊಳ್ಳಿ.

ನಮ್ಮ ಊರು, ನಮ್ಮ ಶತ್ರುಗಳು

ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತೆ. ಬಿಸಿಲಿಗೆ ಬಣ್ಣ ಬಿಸಿಯಾಗಿದ್ದಾಗ ಬಿದ್ರೆ ಕೆಲವೇ ಗಂಟೆಯಲ್ಲಿ ಅಚ್ಚು ಕೂರಬಹುದು. ಉಜ್ಜಬೇಡಿ. ಒದ್ದೆ ಟಿಶ್ಯೂ ಐದು ನಿಮಿಷ ಮೇಲೆ ಹಾಕಿ ನೆನೆಸಿ, ಮೆಲ್ಲಗೆ ಎತ್ತಿ. ಹೊಂಗೆ, ಮಾವಿನ ಮರದಡಿ ನಿಲ್ಲಿಸಿದ್ರೆ ಅಂಟಂಟು ಹನಿ ಬೀಳುತ್ತೆ. ಅದು ಮರದ ಮೇಲಿನ ಕೀಟಗಳ ಕೊಡುಗೆ. ವಾರದೊಳಗೆ ತೊಳೆದುಬಿಡಿ.

ಬೋರ್ ನೀರಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ. ಕೋಟಿಂಗ್ ಹಾಕಿದ ಕಾರಿನಲ್ಲೂ ಬರುತ್ತೆ, ನೀರು ಮುತ್ತಾಗಿ ನಿಂತು ಒಣಗಿದಲ್ಲಿ ಇನ್ನೂ ಎದ್ದು ಕಾಣುತ್ತೆ. ಬಳ್ಳಾರಿ, ಸಂಡೂರು ಕಡೆಯವರಿಗೆ ಅದಿರಿನ ಕೆಂಪು ದೂಳು, ಅವರಿಗೆ ಐರನ್ ರಿಮೂವರ್ ವರ್ಷಕ್ಕೊಮ್ಮೆ ಬೇಕೇ ಬೇಕು. ಮಂಗಳೂರು, ಕಾರವಾರದವರಿಗೆ ಉಪ್ಪುಗಾಳಿ. ಅಲ್ಲಿ ಮೇಲಿನ ಹೊಳಪಿಗಿಂತ ಕಾರಿನ ತಳ ತೊಳೆಸೋದು ಮುಖ್ಯ.

ಇನ್ನು ಆಯುಧಪೂಜೆ. ಕಾರು ತೊಳೆದು ಅರಿಶಿನ, ಕುಂಕುಮ, ಹೂವು, ಬಾಳೆಕಂದು ಎಲ್ಲ ಆಗಲೇಬೇಕು, ಅದಿಲ್ಲದೆ ಹಬ್ಬ ಎಲ್ಲಿ? ಆದರೆ ಹಾರದೊಳಗಿನ ಕಬ್ಬಿಣದ ತಂತಿ ಬಾನೆಟ್ ಮೇಲೆ ಗಾಳಿಗೆ ಕುಣಿದ್ರೆ ಗೀರೋ ಗೀರು. ನೂಲಿನಲ್ಲಿ ಕಟ್ಟಿದ ಹಾರ ಕೇಳಿ ತನ್ನಿ. ಬಾಳೆಕಂದಿನ ಸೊನೆ ಬಟ್ಟೆಗೆ ತಾಗಿದ್ರೆ ಹೋಗಲ್ಲ ಅಂತ ಅಮ್ಮ ಹೇಳಿದ್ದು ನೆನಪಿದೆಯಲ್ಲ? ಬಂಪರಿಗೂ ಅದೇ ಕಥೆ. ಕುಂಕುಮವನ್ನು ಗಾಜಿನ ಮೇಲೆ, ನಂಬರ್ ಪ್ಲೇಟಿನ ಮೇಲೆ ಇಡಿ. ಮಾರನೇ ದಿನ ಒಣ ಬಟ್ಟೆಯಲ್ಲಿ ಒರೆಸದೆ ನೀರು ಹಾಕಿ ಇಳಿಸಿ. ಹಬ್ಬದ ಹಿಂದಿನ ವಾರ ಸೀಲಂಟ್ ಹಚ್ಚಿಟ್ಟರೆ ಇನ್ನೂ ಒಳ್ಳೇದು.

ಹಣ ಕೊಡುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಥಿಕ್‌ನೆಸ್ ಗೇಜ್ ಇದೆಯಾ? ಮೊದಲು ಮತ್ತು ನಂತರದ ಅಳತೆ ತೋರಿಸ್ತೀರಾ?

2. ಮೊದಲು ಒಂದು ಚೌಕ ಮಾತ್ರ ಮಾಡಿ ತೋರಿಸ್ತೀರಾ?

3. ಪಾಲಿಶ್ ಆದ ಮೇಲೆ ಆಲ್ಕೋಹಾಲಿನಿಂದ ಒರೆಸಿ, ಬಿಸಿಲಲ್ಲಿ ನೋಡೋಕೆ ಬಿಡ್ತೀರಾ?

4. ಎಷ್ಟು ದಿನ ಬೇಕು, ಯಾವ ಯಾವ ಹಂತ?

5. ವಾರಂಟಿಯಲ್ಲಿ ಏನು ಸೇರಿದೆ? ಪ್ರತಿ ಆರು ತಿಂಗಳಿಗೆ ದುಡ್ಡು ಕೊಟ್ಟು ಮೇಂಟೆನೆನ್ಸ್ ಮಾಡಿಸಿದ್ರೆ ಮಾತ್ರ ವಾರಂಟಿನಾ?

ಇವಕ್ಕೆ ಬೇಸರ ಇಲ್ಲದೆ ಉತ್ತರ ಕೊಡುವ ಅಂಗಡಿ ಸಿಕ್ಕರೆ ರೇಟು ಸ್ವಲ್ಪ ಜಾಸ್ತಿಯಾದ್ರೂ ಅಲ್ಲೇ ಮಾಡಿಸಿ. ಎರಡು ಮೂರು ದಿನ ಬಗ್ಗಿ ನಿಂತು, ಮೆಷೀನಿನ ನಡುಕ ಕೈಯಲ್ಲಿ ಹಿಡಿದು, ಥಿನ್ನರ್ ವಾಸನೆ ಕುಡಿದು ಮಾಡುವ ಕೆಲಸ ಅದು. ಹುಡುಗರು ಮಾಸ್ಕ್, ಗ್ಲೌಸ್ ಹಾಕಿಕೊಂಡಿದ್ದಾರಾ ಅಂತಲೂ ಒಂದು ಕಣ್ಣು ಹಾಕಿ. ಕೆಲಸಗಾರರ ಮೈ ನೋಡಿಕೊಳ್ಳದ ಅಂಗಡಿ ನಿಮ್ಮ ಕಾರಿನ ಮೈ ನೋಡಿಕೊಳ್ಳುತ್ತೆ ಅಂತ ನನಗಂತೂ ನಂಬಿಕೆ ಇಲ್ಲ.

ಯಾರಿಗೆ ಎಷ್ಟು?

ಹೊಸ ಕಾರು, ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ, ಹೊರಗೆ ಬಿಸಿಲಲ್ಲಿ ಪಾರ್ಕಿಂಗ್ ಅಂದ್ರೆ ಸೆರಾಮಿಕ್ ಹಾಕಿಸಬಹುದು. ಶೋರೂಮಿನ ಅವಸರದಲ್ಲಿ ಬೇಡ, ಕಾರು ಮನೆಗೆ ತಂದು, ನಾಲ್ಕು ಕಡೆ ವಿಚಾರಿಸಿ ಹಾಕಿಸಿ. ಮೂರ್ನಾಲ್ಕು ವರ್ಷ ಹಳೇದು, ಬಣ್ಣ ಮಂಕಾಗಿದೆ ಅಂದ್ರೆ ಒಂದು ಸಲ ನಯವಾದ ಪಾಲಿಶ್, ಆಮೇಲೆ ಸೀಲಂಟ್. ನೂರಕ್ಕೆ ನೂರು ಗೀರು ಹೋಗಬೇಕು ಅನ್ನೋ ಹಠ ಬೇಡ, ಮುಕ್ಕಾಲು ಭಾಗ ಹೋದ್ರೆ ಸಾಕು, ಉಳಿದ ಮೈಕ್ರಾನ್ ಮುಂದಕ್ಕೆ ಇರಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಗೇಜ್ ಹಿಡಿಸಿ, ಆಮೇಲೆ ಮಿಕ್ಕ ಮಾತು. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದು ವಾರಕ್ಕೆ ಎರಡು ದಿನ ಆಫೀಸಿಗೆ ಹೋಗುವವರಿಗೆ ಸೀಲಂಟ್ ಡಬ್ಬಿ ಒಂದೇ ಸಾಕು.

ಈ ತಿಂಗಳು ಕಾರಿಗೆ ಸಾವಿರ ರೂಪಾಯಿ ಮಾತ್ರ ಖರ್ಚು ಮಾಡೋಕಾಗೋದು ಅಂತಿಟ್ಟುಕೊಳ್ಳಿ. ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ಕೈಗವಸು, ಒಂದು ಬಾಟಲಿ ಕಾರ್ ಶಾಂಪೂ ತನ್ನಿ. ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ, ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಬೇಡಿ, ಅದರ ಎಳೆಗಳು ನೀರು ಹೀರೋದು ಬಿಡ್ತಾವೆ. ಡಿಕ್ಕಿಯಲ್ಲಿರೋ ಆ ಉದ್ದ ಬ್ರಷ್ಷನ್ನು ಮನೆಯ ಕಿಟಕಿ ಒರೆಸೋಕೆ ಕೊಟ್ಟುಬಿಡಿ. ಕಾರಿನ ಬಣ್ಣಕ್ಕೆ ಇದಕ್ಕಿಂತ ಅಗ್ಗದ ರಕ್ಷಣೆ ನನಗಂತೂ ಕಂಡಿಲ್ಲ.